ನಿವೃತ್ತರ ವಾರ: ಕಾಯಕವೂ ಇರಲಿ, ಮಿತವೂ ಇರಲಿ

ರಾಜ್ಯ ಸರ್ಕಾರದ ನೌಕರರಿಗೆ 60ನೆಯ ವಯಸ್ಸಿಗೆ ನಿವೃತ್ತಿಯುಂಟು. ಕಾಯಕಕ್ಕೆ ಶರಣರು ಅಂತಹ ಗಡಿಯನ್ನು ಹಾಕಲಿಲ್ಲ. ಹುದ್ದೆಯನ್ನು ಬಿಟ್ಟ ಮೇಲೂ ದೇಹವು ನಡಿಗೆಯನ್ನು, ಮನಸ್ಸು ಚಿಂತನೆಯನ್ನು, ನಾಲಗೆಯು ಮಾತನ್ನು ಬೇಡುತ್ತಲೇ ಇರುತ್ತವೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಹಿರಿಯ ಭಕ್ತರಲ್ಲಿ ನಾವು ಎರಡು ಬಗೆಯವರನ್ನು ಕಾಣುತ್ತೇವೆ. ನಿವೃತ್ತಿಯಾದ ಬಳಿಕ ಪಡಸಾಲೆಯನ್ನು ಬಿಟ್ಟು ಹೊರಡದವರು ಕೆಲವರು. ಸಭೆ, ಪುರಾಣ, ಜಾತ್ರೆ, ಮದುವೆಗಳೆಂದು ವಾರವಿಡೀ ಓಡಾಡಿ ಊಟ ಮತ್ತು ಔಷಧಗಳ ಹೊತ್ತನ್ನೇ ಮರೆಯುವವರು ಇನ್ನು ಕೆಲವರು. ಇಬ್ಬರ ಆರೋಗ್ಯಕ್ಕೂ ಕುತ್ತು ಇದೆ. ಇವೆರಡರ ನಡುವಣ ಹಾದಿಯನ್ನು ಈ ಲೇಖನದಲ್ಲಿ ವಿಚಾರಿಸೋಣ.

ಒಂಟಿತನದ ಅಪಾಯ

ಅಮೆರಿಕದ ಸಂಶೋಧಕರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನು ಪರಿಶೀಲಿಸಿದರು. ಬಂಧುಮಿತ್ರರ ಒಡನಾಟ ಗಟ್ಟಿಯಾಗಿದ್ದವರಲ್ಲಿ ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ. ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟಿದೆ.

ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಓಡಾಡುತ್ತಾರೆ. ಆದ್ದರಿಂದ ಈ ಅಂಕಿಗಳ ಶ್ರೇಯಸ್ಸೆಲ್ಲವೂ ಒಡನಾಟಕ್ಕೇ ಸಲ್ಲದು. ಆದರೂ ಒಡನಾಟದಿಂದ ಆಗುವ ಉಪಕಾರ ಸ್ಪಷ್ಟವಾಗಿದೆ. ಹೊರಗೆ ಹೊರಟವರು ನಾಲ್ಕು ಹೆಜ್ಜೆ ನಡೆಯುತ್ತಾರೆ. ಭಜನೆಯಲ್ಲಿ ಉಸಿರಾಟಕ್ಕೂ ನೆನಪಿಗೂ ಅಭ್ಯಾಸ ದೊರೆಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಿತ್ಯ ಬರುವವರು ಒಂದು ದಿನ ಬಾರದಿದ್ದರೆ ಯಾಕೆಂದು ಕೇಳುವವರು ಇರುತ್ತಾರೆ.

ಒಂದು ವಾರದ ಚಿತ್ರ

ಉದಾಹರಣೆಗಾಗಿ, ಮಸ್ಕಿಯಲ್ಲಿರುವ 66 ವರ್ಷದ ನಿವೃತ್ತ ಶಿಕ್ಷಕರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರಿಗೆ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಇವೆ. ನಿತ್ಯ ಬೆಳಗ್ಗೆ ನಡಿಗೆ, ಸ್ನಾನ, ಇಷ್ಟಲಿಂಗ ಪೂಜೆ. ಸೋಮವಾರ ಸಂಜೆ ಮಠದಲ್ಲಿ ಭಜನೆ. ಮಂಗಳವಾರ ಸಿಂಧನೂರಿನಲ್ಲಿ ನಿವೃತ್ತ ನೌಕರರ ಸಭೆ. ಬುಧವಾರ ಶಾಲೆಯ ಮಕ್ಕಳಿಗೆ ಅಶೋಕನ ಶಾಸನದ ಪರಿಚಯ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಈ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇರುವುದರಿಂದ, ಆ ಬಿರುದಿನ ಅರಸ ಯಾರೆಂಬುದು ಖಚಿತವಾಯಿತು. ಈ ಕಥೆಯನ್ನು ಮಕ್ಕಳಿಗೆ ಹೇಳಬೇಕಾದರೆ ತಾವೂ ಮತ್ತೆ ಓದಬೇಕು, ನೆನಪಿಸಿಕೊಳ್ಳಬೇಕು. ಮೆದುಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಶುಕ್ರವಾರ ಲಿಂಗಸುಗೂರಿನಲ್ಲಿ ಪುಸ್ತಕ ಬಿಡುಗಡೆ. ಭಾನುವಾರ ಶಿವಾನುಭವ ಗೋಷ್ಠಿ ಮತ್ತು ದಾಸೋಹದ ಸೇವೆ.

ಇದು ಸಾರ್ಥಕವಾದ ವಾರ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಹನ್ನೊಂದು ಗಂಟೆಯ ಸಭೆ ಒಂದಕ್ಕೆ ಆರಂಭವಾದರೆ ಊಟ ಮೂರು ಗಂಟೆಗೆ ಜಾರುತ್ತದೆ. ಮಾತ್ರೆ ಮನೆಯಲ್ಲೇ ಉಳಿದಿರುತ್ತದೆ. ವೇದಿಕೆಯ ಮೇಲೆ ಮೂರು ತಾಸು ಕುಳಿತ ಕಾಲುಗಳು ಬಾವು ಬರುತ್ತವೆ. ಗುರುವಾರ ಮತ್ತು ಶನಿವಾರಗಳ ಬಿಡುವಿಗೂ ಮದುವೆ, ಗೃಹಪ್ರವೇಶಗಳು ಬಂದು ಸೇರಿದರೆ ವಿಶ್ರಾಂತಿಯೇ ಇಲ್ಲದಂತಾಗುತ್ತದೆ.

ಲಕ್ಕಮ್ಮನ ಅಳತೆ

ಮಿತದ ಪಾಠವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಹಾಕಿಬರಲು ಲಕ್ಕಮ್ಮ ತಿಳಿಸಿದರೆಂಬುದು ಪ್ರಸಿದ್ಧ ಕಥೆ. ಆ ತಾಯಿ ಕಾಯಕವನ್ನು ಬೇಡವೆನ್ನಲಿಲ್ಲ. ಅಗತ್ಯವನ್ನು ಮೀರಿದ ಪಾಲನ್ನಷ್ಟೇ ಬೇಡವೆಂದರು. ನಿವೃತ್ತರ ದಿನಚರಿಗೂ ಇದೇ ಅಳತೆ ಸಲ್ಲುತ್ತದೆ. ದೇಹಕ್ಕೆ ಎಷ್ಟು ಬೇಕೋ ಅಷ್ಟು ಕಾರ್ಯಕ್ರಮಗಳನ್ನು ಒಪ್ಪಿಕೊಂಡು, ಉಳಿದವುಗಳನ್ನು ನಮ್ರತೆಯಿಂದ ಮರಳಿಸಬೇಕು.

ಪಾಲಿಸಬೇಕಾದ ನಿಯಮಗಳು

1. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ: ಹಿರಿಯರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇದು. ಸಭೆಯಲ್ಲಿ ಕುಳಿತ ಹೊತ್ತು ಈ ಲೆಕ್ಕಕ್ಕೆ ಸೇರದು. ತಾಸಿಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.

2. ಆ ದಿನದ ಮಾತ್ರೆಗಳು ಜೇಬಿನಲ್ಲಿಯೋ ಕೈಚೀಲದಲ್ಲಿಯೋ ಇರಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟವನ್ನು ತಡಮಾಡಬಾರದು. ಬೆವರು, ನಡುಕ, ಗಲಿಬಿಲಿ ಕಂಡರೆ ಸಕ್ಕರೆಯ ಅಂಶ ಇಳಿದಿರಬಹುದು. ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

3. ನೀಡಿಸಿಕೊಂಡ ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ನಿಷ್ಠೆ. ಆದ್ದರಿಂದ ನೀಡುವಾಗಲೇ ಕೈ ಅಡ್ಡ ಹಿಡಿಯಬೇಕು. ಹುಗ್ಗಿ, ಮಾದಲಿಗಳು ಒಂದು ತುತ್ತಿನಷ್ಟಿದ್ದರೂ ಪ್ರಸಾದವೇ. ನೀಡುವವರೂ ಹಿರಿಯರನ್ನು ಒತ್ತಾಯಿಸಬಾರದು.

4. ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಆಗ ನಡುಹಗಲಿನ ಬಸ್ ಪ್ರಯಾಣವನ್ನು ತಪ್ಪಿಸಿ, ಕೆಲಸಗಳನ್ನು ಬೆಳಗ್ಗೆಗೋ ಸಂಜೆಗೋ ಇಟ್ಟುಕೊಳ್ಳಬೇಕು. ನೀರು ಜೊತೆಗಿರಲಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಲಿ.

5. ವಾರದಲ್ಲಿ ಒಂದು ದಿನ ಯಾವ ಕಾರ್ಯಕ್ರಮವೂ ಬೇಡ. ಅಂದು ವಿಶ್ರಾಂತಿ, ಓದು, ಮನೆಯವರೊಡನೆ ಮಾತುಕತೆ ಇರಲಿ.

6. ಕಿವಿ ಮಂದವಾದವರು ನಾಚಿಕೆಯಿಂದ ಸಭೆಗಳನ್ನು ಬಿಡುತ್ತಾರೆ. ಲ್ಯಾನ್ಸೆಟ್ ಆಯೋಗವು 2024ರಲ್ಲಿ ಮರೆವಿನ ಕಾಯಿಲೆಗೆ ಗುರುತಿಸಿದ 14 ಅಪಾಯಕಾರಿ ಅಂಶಗಳಲ್ಲಿ ಕಿವುಡುತನ ಮತ್ತು ಒಂಟಿತನ ಎರಡೂ ಸೇರಿವೆ. ಆದ್ದರಿಂದ ಕಿವಿಯ ಪರೀಕ್ಷೆಯನ್ನು ಮುಂದೂಡಬಾರದು.

ಮನೆಯವರ ಮತ್ತು ಭಕ್ತರ ಹೊಣೆ

ಅಡುಗೆಮನೆಯಲ್ಲಿಯೇ ಆಯುಷ್ಯ ಸವೆಸಿದ ತಾಯಂದಿರಿಗೆ ನಿವೃತ್ತಿಯ ಆದೇಶ ಎಂದೂ ಬರುವುದಿಲ್ಲ. ಯಜಮಾನರು ಸಭೆಗೆ ಹೊರಟಾಗ ಮನೆಯಲ್ಲಿ ಉಳಿಯುವ ಅವರಿಗೂ ವಾರದಲ್ಲಿ ಒಂದೆರಡು ಸಂಜೆ ಅಕ್ಕನ ಬಳಗವೋ ಭಜನೆಯೋ ಸಿಗುವಂತೆ ಮನೆಯ ಮಕ್ಕಳು ಏರ್ಪಾಡು ಮಾಡಬೇಕು.

ಗೋಷ್ಠಿಗೆ ತಪ್ಪದೆ ಬರುತ್ತಿದ್ದ ಹಿರಿಯರು ಎರಡು ವಾರ ಕಾಣದಿದ್ದರೆ, ಮೂರನೆಯ ವಾರಕ್ಕೆ ಕಾಯದೆ ಅವರ ಮನೆಗೆ ಹೋಗಿ ಬಾಗಿಲು ತಟ್ಟೋಣ. ಜಾರಿ ಬಿದ್ದಿರಬಹುದು, ಮಾತ್ರೆ ಮುಗಿದಿರಬಹುದು, ಅಥವಾ ಮನಸ್ಸು ಕುಗ್ಗಿರಬಹುದು. ಕುಶಲ ಕೇಳಿ ಬರುವುದೂ ದಾಸೋಹವೇ. ಅದಕ್ಕೆ ಹಣ ಬೇಕಿಲ್ಲ, ಅರ್ಧ ತಾಸಿನ ಬಿಡುವು ಸಾಕು.