ಭೂತಾನಕ್ಕೆ ಹೊರಟ ಉಪಾಧ್ಯಾಯರಿಗೆ

1961ರಲ್ಲಿ ಪ್ರಥಮ ಪಂಚವಾರ್ಷಿಕ ಯೋಜನೆಯನ್ನು ಕೈಗೊಂಡು, ಕಣಿವೆ ಕಣಿವೆಗಳಲ್ಲಿ ಶಾಲೆಗಳನ್ನು ತೆರೆಯತೊಡಗಿ, ಇಂಗ್ಲಿಷನ್ನು ಬೋಧನಮಾಧ್ಯಮವನ್ನಾಗಿ ಅಂಗೀಕರಿಸಿದ ಭೂತಾನವು ತನ್ನ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಬಹುಮಟ್ಟಿಗೆ ಅವಲಂಬಿಸಿದ್ದು ಭಾರತದ ಉಪಾಧ್ಯಾಯರನ್ನು; ಅಂದು ಹೋದವರಲ್ಲಿ ಕೇರಳೀಯರು ಬಹುಮಂದಿ. ಆ ಪರಂಪರೆ ಇನ್ನೂ ಕಡಿದಿಲ್ಲ. ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ, ಗಣಕವಿಜ್ಞಾನಗಳಲ್ಲಿ ಸ್ನಾತಕೋತ್ತರ ಪದವೀಧರರಾದ ಶಿಕ್ಷಕರನ್ನು ಅಲ್ಲಿಯ ಸರ್ಕಾರಕ್ಕಾಗಿ ಭಾರತ ಸರ್ಕಾರದ ಉದ್ಯಮವಾದ ಎಡ್‌ಸಿಲ್ ಸಂಸ್ಥೆ ಈಚಿನ ವರ್ಷಗಳಲ್ಲಿಯೂ ಆರಿಸಿ ಕಳುಹಿಸಿರುವುದರಿಂದ, ನಮ್ಮ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಅಲ್ಪ ಗೌರವಧನಕ್ಕೆ ದುಡಿಯುತ್ತಿರುವ ತರುಣ ತರುಣಿಯರಿಗೂ ಇದು ಯೋಚಿಸತಕ್ಕ ಮಾರ್ಗವೇ ಸರಿ. ಇಂಥವರು ಪಾಠ ಹೇಳುವುದನ್ನು ಬಲ್ಲರು. ಅಲ್ಲಿ ಬಾಳುವುದನ್ನು ಮಾತ್ರ ಕ್ರಮವರಿತು ಕಲಿಯಬೇಕಾಗುತ್ತದೆ. ನನ್ನ ಮತದಲ್ಲಿ ಆ ಕ್ರಮ ಹೀಗೆ: ಒಲೆ ಮೊದಲು, ಮಕ್ಕಳ ಹೆಸರು ಅನಂತರ, ಸುಧಾರಣೆಯ ಉತ್ಸಾಹ ಎಲ್ಲಕ್ಕಿಂತ ಕಡೆಗೆ.

ಹೊರಡುವ ಮುನ್ನ ಕಾಗದಪತ್ರಗಳ ವಿಚಾರ. ಭಾರತೀಯರ ಪ್ರವೇಶಕ್ಕೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟಾಗಲಿ ಮತದಾರರ ಗುರುತಿನ ಚೀಟಿಯಾಗಲಿ ಇದ್ದರೆ ಸಾಕು. ಆದರೆ ಗಡಿ ದಾಟಲು ದೊರೆಯುವ ಅನುಮತಿ ಉದ್ಯೋಗದ ಅನುಮತಿಯಲ್ಲವಾದ್ದರಿಂದ, ಕೆಲಸದ ಪರವಾನಗಿಯನ್ನು ನೇಮಕ ಮಾಡಿದ ಸಂಸ್ಥೆಯು ಪಡೆದಿದೆಯೆ ಎಂಬುದನ್ನು ಲಿಖಿತವಾಗಿ ತಿಳಿದುಕೊಂಡ ಮೇಲೆಯೇ ಪ್ರಯಾಣದ ಟಿಕೆಟು ತೆಗೆಯತಕ್ಕದ್ದು. ಅಂಕಪಟ್ಟಿ, ಅನುಭವಪತ್ರಗಳ ಮೂಲಪ್ರತಿಗಳು ಕೈಚೀಲದಲ್ಲಿರಲಿ.

ಪಶ್ಚಿಮ ಭೂತಾನಕ್ಕೆ ಹೋಗುವವರು ಬಾಗ್‌ಡೋಗ್ರಾದವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರಸ್ತೆಯಲ್ಲಿ ಜೈಗಾಂವ್ ತಲಪಿ, ಅದಕ್ಕೆ ಅಂಟಿಕೊಂಡಿರುವ ಫುಂತ್ಶೋಲಿಂಗ್ ಪಟ್ಟಣವನ್ನು ಪ್ರವೇಶಿಸಬಹುದು. ಪೂರ್ವದ ಶಾಲೆಗಳಿಗೆ ಗುವಾಹಾಟಿಯಿಂದ ಸಮ್‌ದ್ರುಪ್ ಜೊಂಖರ್ ಮಾರ್ಗ ಅನುಕೂಲ. ಫುಂತ್ಶೋಲಿಂಗ್ ಸಮುದ್ರಮಟ್ಟದಿಂದ 300 ಮೀಟರಿಗೂ ತಗ್ಗಿನಲ್ಲಿದೆ, ಥಿಂಫು 2,300 ಮೀಟರಿಗೂ ಎತ್ತರದಲ್ಲಿದೆ. ಶಾಲಾವರ್ಷವೂ ಫೆಬ್ರವರಿಯ ಚಳಿಯಲ್ಲಿ ಆರಂಭವಾಗುವುದರಿಂದ, ಬೆಳಗ್ಗೆ ಬರಿಯ ಅಂಗಿಯಲ್ಲಿದ್ದವರಿಗೆ ಸಂಜೆ ಉಣ್ಣೆಯ ಕೋಟು ಬೇಕಾಗುತ್ತದೆ. ಅದನ್ನು ಪೆಟ್ಟಿಗೆಯ ತಳದಲ್ಲಿ ಇಡಬಾರದು. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದುಂಟಾದ್ದರಿಂದ ಆಗ ಪ್ರಯಾಣಕ್ಕೆ ಒಂದೆರಡು ದಿನ ಹೆಚ್ಚಾಗಿಯೇ ಇಟ್ಟುಕೊಳ್ಳುವುದು ವಿವೇಕ. ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ.

ಮನೆ ದೊರೆತೊಡನೆ ಅಡುಗೆಯ ವ್ಯವಸ್ಥೆಗೆ ಗಮನ ಕೊಡಬೇಕು. ಥಿಂಫುವಿನ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಯಲ್ಲಿಯೇ ಕುದಿದುಬಿಡುವುದರಿಂದ, ಬಯಲುಸೀಮೆಯಲ್ಲಿ ಪಾತ್ರೆಯಲ್ಲಿ ಬೇಯುತ್ತಿದ್ದ ತೊಗರಿಬೇಳೆ ಅಲ್ಲಿ ಬೇಗನೆ ಕರಗದು. ಒಳ್ಳೆಯ ಪ್ರೆಷರ್ ಕುಕ್ಕರೊಂದು ಇಲ್ಲಿಂದಲೇ ಹೋಗತಕ್ಕ ಸಾಮಾನು. ದೋಸೆಯ ಹಿಟ್ಟು ಚಳಿಯಲ್ಲಿ ರಾತ್ರಿ ಕಳೆದರೂ ಹುದುಗುವುದಿಲ್ಲ. ಪಾತ್ರೆಗೆ ಕಂಬಳಿ ಸುತ್ತಿ ಬೆಚ್ಚನೆಯ ಮೂಲೆಯಲ್ಲಿ ಇಡಬೇಕು. ಕಟ್ಟಿಗೆ ಉರಿಸಿ ಕೋಣೆ ಕಾಯಿಸುವ ಬುಖಾರಿಯೆಂಬ ಒಲೆ ಚಳಿಗಾಲದ ಪ್ರಾಣಮಿತ್ರವಾದರೂ, ಅದರ ಹೊಗೆಕೊಳವೆ ಕಟ್ಟಿದ್ದರೆ ವಿಷಾನಿಲವು ಕೋಣೆಯನ್ನು ತುಂಬಿ ನಿದ್ರಿತರ ಪ್ರಾಣವನ್ನೇ ತೆಗೆದೀತು. ಆದಕಾರಣ ಚಳಿ ಹಿಡಿಯುವ ಮೊದಲೇ ಕೊಳವೆಯನ್ನು ಶುದ್ಧಮಾಡಿಸಿ, ಮಲಗುವಾಗ ಬೆಂಕಿ ನಂದಿಸಿ, ಕಿಟಕಿಯನ್ನು ಬೆರಳಗಲವಾದರೂ ತೆರೆದಿರುವುದು ಎಂದಿಗೂ ತಪ್ಪಕೂಡದ ನಿಯಮ. ಹುಣಿಸೆಹಣ್ಣು, ರಾಗಿಹಿಟ್ಟು, ಸಾರಿನಪುಡಿಗಳನ್ನು ಒಯ್ಯಿರಿ. ಆದರೆ ಅವುಗಳಿಂದಲೇ ವರ್ಷ ಕಳೆಯುವ ಹಟ ಬೇಡ. ಮೆಣಸಿನಕಾಯನ್ನೇ ತರಕಾರಿಯಂತೆ ಗಿಣ್ಣಿನಲ್ಲಿ ಬೇಯಿಸಿದ ಎಮಾ ದತ್ಶಿಯನ್ನು ಕೆಂಪಕ್ಕಿಯ ಅನ್ನದೊಡನೆ ಉಣ್ಣಲು ಕಲಿತವರು ಆ ನಾಡಿಗೆ ಬೇಗ ಒಗ್ಗುತ್ತಾರೆ. ಮಾಂಸ ತಿನ್ನದವರಿಗೂ ಇದು ಸಲ್ಲುವ ಭೋಜನ.

ಹಣದ ಮಾತು ಸಂಕ್ಷೇಪವಾದುದು: ಙುಲ್ಟ್ರಮ್ ನಾಣ್ಯದ ಬೆಲೆ ನಮ್ಮ ರೂಪಾಯಿಗೆ ಸರಿಸಮ. ಆದರೆ ಗಡಿಯ ಪಟ್ಟಣಗಳನ್ನು ಬಿಟ್ಟರೆ ನಮ್ಮ ದೇಶದಲ್ಲಿ ಅದು ಚಲಾವಣೆಯಾಗದು.

ಶಾಲೆಯಲ್ಲಿ ಮೊದಲ ತೊಡಕು ಹಾಜರಿ ಪುಸ್ತಕದ್ದು. ಬಹುಪಾಲು ಭೂತಾನೀಯರಿಗೆ ಮನೆತನದ ಹೆಸರಿಲ್ಲ. ಅನೇಕ ವೇಳೆ ಲಾಮಾಗಳೇ ಇಡುವ ಎರಡು ಹೆಸರುಗಳು ಕೂಡಿ ಒಬ್ಬರ ಹೆಸರಾಗುತ್ತವೆ. ಅಣ್ಣನಿಗೂ ತಂಗಿಗೂ ತಂದೆಗೂ ಹೆಸರಿನಲ್ಲಿ ಯಾವ ಸಾಮ್ಯವೂ ಇಲ್ಲದಿರಬಹುದು. ಸೋನಮ್, ಕರ್ಮ, ತ್ಶೆರಿಂಗ್ ಎಂಬ ಹೆಸರುಗಳು ಹುಡುಗರಿಗೂ ಹುಡುಗಿಯರಿಗೂ ಸಲ್ಲುತ್ತವೆ. ಒಂದೇ ತರಗತಿಯಲ್ಲಿ ಇಬ್ಬರು ಮೂವರು ಸೋನಮ್ ತ್ಶೆರಿಂಗರು ಎದ್ದುನಿಲ್ಲುವುದು ಆಶ್ಚರ್ಯವಲ್ಲ. ಆದಕಾರಣ ಮೊದಲ ವಾರಗಳಲ್ಲಿ ಪಾಠ ಸ್ವಲ್ಪ ಹಿಂದುಳಿದರೂ ಚಿಂತೆಯಿಲ್ಲ, ಪ್ರತಿಯೊಂದು ಹೆಸರಿನ ಎದುರಿಗೆ ಊರನ್ನೂ, ಮನೆಯಿಂದ ನಡೆದು ಬರುವ ದಾರಿಯನ್ನೂ, ವಸತಿಶಾಲೆಯಲ್ಲಿರುವ ಮಗುವಾದರೆ ಮನೆಗೆ ಹೋಗಿ ಎಷ್ಟು ಕಾಲವಾಯಿತೆಂಬುದನ್ನೂ ಬರೆದಿಟ್ಟುಕೊಳ್ಳಿ. ಹಿರಿಯರೆದುರು ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಮಾತನಾಡುವುದು ಅಲ್ಲಿಯ ವಿನಯ. ಪ್ರಶ್ನೆಗೆ ಮೌನವಾಗಿ ನಿಂತ ಮಗುವನ್ನು ದಡ್ಡನೆಂದು ಎಣಿಸುವ ಉಪಾಧ್ಯಾಯನು ತನ್ನ ವರ್ಷವನ್ನೂ ಮಗುವಿನ ವರ್ಷವನ್ನೂ ವ್ಯರ್ಥಗೊಳಿಸುತ್ತಾನೆ. ಉತ್ತರವನ್ನು ಮೊದಲು ಪಕ್ಕದವರೊಡನೆ ಚರ್ಚಿಸಲು ಬಿಟ್ಟು, ಆಮೇಲೆ ಕೇಳಿದರೆ ಬಾಯಿ ಬಿಡುತ್ತಾರೆ. ಬೆತ್ತವನ್ನಂತೂ ಮುಟ್ಟಲೇಬಾರದು.

ನೆರೆಹೊರೆಯ ವಿಷಯದಲ್ಲಿ ನಮ್ಮ ಹಳೆಯ ಮನೆಗಳ ಉಪಚಾರ ಬಲ್ಲವರಿಗೆ ಕಷ್ಟವಿಲ್ಲ. ಊಟಕ್ಕೆ ಕರೆದಾಗ ಮೊದಲು ಸಂಕೋಚದಿಂದ ಬೇಡವೆಂದು, ಮತ್ತೆ ಬಲವಂತಪಡಿಸಿದಾಗ ಸ್ವೀಕರಿಸುವುದು ಅಲ್ಲಿಯೂ ರೂಢಿ. ಎಲೆ, ಅಡಕೆ, ಸುಣ್ಣ ಕೂಡಿದ ದೋಮಾ ಸ್ನೇಹದ ಕುರುಹು. ಆದರೆ ಹುದುಗಿಸಿದ ಹಸಿ ಅಡಕೆಯ ಉಷ್ಣಕ್ಕೆ ಮಲೆನಾಡಿನ ಚಾಲಿ ಅಡಕೆಗೆ ಒಗ್ಗಿದವರಿಗೂ ತಲೆ ತಿರುಗಬಹುದಾದ್ದರಿಂದ ಮೊದಲ ಸಲ ಚೂರಷ್ಟೇ ಸಾಕು. ಚೋರ್ತೆನ್ ಸ್ತೂಪಗಳನ್ನು ಪ್ರದಕ್ಷಿಣಕ್ರಮದಲ್ಲಿ ಬಲಕ್ಕಿಟ್ಟುಕೊಂಡೇ ಬಳಸಬೇಕು. ಹಿಂದಿ ಬಹುಮಂದಿಗೆ ತಿಳಿಯುತ್ತದೆ. ಆದರೂ ಪಶ್ಚಿಮದಲ್ಲಿ ಜೊಂಖಾ, ಪೂರ್ವದಲ್ಲಿ ತ್ಶಾಂಗ್ಲಾ, ದಕ್ಷಿಣದಲ್ಲಿ ನೇಪಾಳಿ, ಹೀಗೆ ನೀವಿರುವೆಡೆಯ ಭಾಷೆಯಲ್ಲಿ ಕುಶಲಪ್ರಶ್ನೆಯಷ್ಟನ್ನಾದರೂ ಮಕ್ಕಳಿಂದಲೇ ಕಲಿಯಿರಿ. ಗುರುವಿಗೆ ಕಲಿಸುವ ಹರ್ಷದಲ್ಲಿ ಅವರ ಮೌನ ತಾನಾಗಿಯೇ ಮುರಿಯುತ್ತದೆ. ಪುರುಷರಿಗೆ ಘೋ, ಸ್ತ್ರೀಯರಿಗೆ ಕೀರಾ ಒಂದೊಂದನ್ನು ಮಾಡಿಸಿಕೊಂಡು, ಅಲ್ಲಿಯ ಶಿಕ್ಷಕರ ದಿನವಾದ ಮೇ 2ರಂದು ಧರಿಸಿದರೆ ಸಹೋದ್ಯೋಗಿಗಳು ನಿಜವಾಗಿ ಸಂತೋಷಪಡುವರು.

ಶಾಲೆಯಲ್ಲಿ ಇದು ಸರಿಯಿಲ್ಲ, ನಮ್ಮಲ್ಲಿ ಹೀಗಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂದಾಗಲೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು, ಒಂದು ಶಾಲಾವರ್ಷ ಕಳೆದ ಮೇಲೆ ತೆರೆದು ನೋಡಿ, ಆಗಲೂ ಉಳಿಯುವ ಸಲಹೆಗಳನ್ನು ಮುಖ್ಯೋಪಾಧ್ಯಾಯರ ಮುಂದಿಡಿ.

ಡಿಸೆಂಬರ್ ನಡುವಿನಿಂದ ಸುಮಾರು ಎರಡು ತಿಂಗಳು ಚಳಿಗಾಲದ ರಜೆ. ಕಣಿವೆಗಳನ್ನು ಬೆಸೆಯುವ ಎತ್ತರದ ಘಾಟಿಗಳಲ್ಲಿ ಹಿಮ ಬೀಳುವುದರಿಂದ ಒಳನಾಡಿನವರು ರಜೆಯ ಮೊದಲ ದಿನಗಳಲ್ಲಿಯೇ ಹೊರಡುವುದು ಲೇಸು. ಊರಿಗೆ ಹೊರಡುವ ಮುನ್ನ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯದಂತೆ ಬರಿದುಮಾಡಿಸಿ, ಬಾಡಿಗೆ ತೀರಿಸಿ, ಬೀಗದ ಕೈಯನ್ನು ನೆರೆಯವರ ವಶಕ್ಕೆ ಕೊಟ್ಟು, ಕೈಯಲ್ಲಿ ಉಳಿದ ಙುಲ್ಟ್ರಮ್‌ಗಳನ್ನು ಗಡಿ ದಾಟುವ ಮೊದಲೇ ರೂಪಾಯಿಗೆ ಬದಲಾಯಿಸಿಕೊಳ್ಳಿ.