ಫೋಲ್ಡರಿನ ಬೀಗವೂ ಮೂರು ಅಂಕೆಗಳೂ

ಶಾಲೆಯ ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಗುಮಾಸ್ತರ ವಶಕ್ಕೆ ಕೊಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಈಗ ಮಕ್ಕಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಪ್ರತಿ, ಮನೆಯ ವಿಳಾಸ ಇವೆಲ್ಲವೂ ಗಣಕಯಂತ್ರದ ಫೋಲ್ಡರುಗಳನ್ನು ಸೇರಿವೆ. ಆ ಫೋಲ್ಡರಿಗೆ ಬೀಗ ಯಾವುದೆಂಬುದನ್ನು ವಿದ್ಯಾರ್ಥಿಗಳು ಮಾತ್ರವಲ್ಲ, ಪೋಷಕರೂ ಅರಿತಿರುವುದು ಅವಶ್ಯ.

ಇಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಈ ಬಗೆಯದೇ. ಇದರ ಮೂಲ ಮಾದರಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ರೂಪಿಸಿದ ಯುನಿಕ್ಸ್. ಅನುಮತಿಯನ್ನು ಬದಲಾಯಿಸುವ ‘ಚ್‌ಮಾಡ್’ ಎಂಬ ಆಜ್ಞೆ 1971ರ ಅದರ ಮೊದಲ ಕೈಪಿಡಿಯಲ್ಲಿಯೇ ಇದೆ.

ಫೋಲ್ಡರನ್ನು ಬಳಸುವವರು ಮೂರು ಬಗೆ: ಒಡೆಯ, ಅವನ ಗುಂಪು, ಇತರರು. ಪ್ರತಿಯೊಬ್ಬರಿಗೂ ಮೂರು ಅನುಮತಿಗಳುಂಟು. ಒಳಗಿರುವ ಹೆಸರುಗಳ ಪಟ್ಟಿಯನ್ನು ನೋಡುವುದಕ್ಕೆ 4, ಕಡತಗಳನ್ನು ಸೇರಿಸುವುದಕ್ಕೂ ಅಳಿಸುವುದಕ್ಕೂ 2, ಒಳಹೊಗುವುದಕ್ಕೆ 1. ಸಿರುಮುಗೈಯ ನೇಕಾರರ ಮನೆಯಲ್ಲಿ ಜಕಾರ್ಡ್ ಮಗ್ಗವನ್ನು ಕಂಡ ಮಕ್ಕಳಿಗೆ ಇದು ಸುಲಭ. ರಟ್ಟಿನಲ್ಲಿ ರಂಧ್ರವಿದ್ದರೆ ನೂಲು ಮೇಲೇಳುವುದು, ಇಲ್ಲದಿದ್ದರೆ ಇಲ್ಲ. ಅದರಂತೆ ಒಂದೊಂದು ಅನುಮತಿಯೂ ಉಂಟು ಅಥವಾ ಇಲ್ಲ. ಮೂರು ರಂಧ್ರಗಳಿಂದ ಎಂಟು ವಿನ್ಯಾಸಗಳು, ಸೊನ್ನೆಯಿಂದ 7ರವರೆಗೆ. ಆದುದರಿಂದಲೇ ಇಲ್ಲಿ ಎಣಿಕೆಯು ಹತ್ತರ ಮಾನದಲ್ಲಿಲ್ಲ, ಎಂಟರ ಮಾನದಲ್ಲಿದೆ.

ಹಾಗಾದರೆ 750 ಎಂದರೇನು? ಮುಖ್ಯೋಪಾಧ್ಯಾಯರು ಒಡೆಯರಾಗಿದ್ದರೆ ಅವರಿಗೆ ಸಕಲ ಅಧಿಕಾರ; ಕಚೇರಿಯ ಗುಂಪಿಗೆ 4 ಮತ್ತು 1, ಅಂದರೆ ನೋಡಬಹುದು, ಒಳಹೊಗಬಹುದು, ಅಳಿಸುವಂತಿಲ್ಲ; ಇತರರಿಗೆ ಏನೂ ಇಲ್ಲ. ಇನ್ನೊಂದು ಮಾತು. ಕಡತವನ್ನು ಅಳಿಸುವ ಅಧಿಕಾರ ಬರುವುದು ಫೋಲ್ಡರಿನಿಂದ, ಕಡತದಿಂದಲ್ಲ. ‘ಓದಲು ಮಾತ್ರ’ ಎಂದು ಗುರುತಿಸಿದ ಕಡತವೂ ಎಲ್ಲರಿಗೂ ತೆರೆದಿಟ್ಟ ಫೋಲ್ಡರಿನಲ್ಲಿ ಮಾಯವಾಗಬಹುದು.

ತರಗತಿಗೊಂದರಂತೆ ಹಲವು ಫೋಲ್ಡರುಗಳಿದ್ದಾಗ ಕೈಯಿಂದ ಒಂದೊಂದಕ್ಕೂ ಅನುಮತಿ ಕೊಡುವುದು ಬೇಸರದ ಕೆಲಸ, ತಪ್ಪೂ ಆಗುವುದು. ಆಗ ಪ್ರೋಗ್ರಾಮ್ ಬರೆಯುವುದೇ ಯುಕ್ತ. ತಮಿಳುನಾಡಿನ ಹನ್ನೆರಡನೆಯ ತರಗತಿಯ ಗಣಕ ವಿಜ್ಞಾನದಲ್ಲಿ ಕಲಿಸುವ ಪೈಥಾನ್ ಭಾಷೆಯಲ್ಲಿ ಇದಕ್ಕೂ ‘ಚ್‌ಮಾಡ್’ ಎಂದೇ ಹೆಸರು. ಫೋಲ್ಡರಿನ ಹೆಸರನ್ನೂ ಅಂಕೆಯನ್ನೂ ಕೊಟ್ಟರೆ ಸಾಕು. ಆದರೆ ಅಂಕೆಯ ಮುಂದೆ ಸೊನ್ನೆಯನ್ನೂ ಇಂಗ್ಲಿಷಿನ ‘ಓ’ ಅಕ್ಷರವನ್ನೂ ಬರೆಯಬೇಕು. ಇದು ಎಂಟರ ಮಾನವೆಂದು ತಿಳಿಸುವ ಗುರುತು.

ಆ ಗುರುತನ್ನು ನಾನೊಮ್ಮೆ ಮರೆತೆ. ಯಂತ್ರವು ಏನೂ ಆಕ್ಷೇಪಿಸದೆ 750ನ್ನು ಸಾಮಾನ್ಯ ಸಂಖ್ಯೆಯೆಂದೇ ಗ್ರಹಿಸಿತು. ವಿದ್ಯಾರ್ಥಿಗಳೇ, ಅದನ್ನು 8ರಿಂದ ಭಾಗಿಸುತ್ತ ಹೋಗಿ. ಶೇಷಗಳಿಂದ 1356 ದೊರೆಯುವುದು. ಮೊದಲಿನ 1 ಬೇರೆ ವಿಷಯ, ಅದನ್ನು ಬಿಡೋಣ. ಒಡೆಯನಿಗೆ 3: ನನ್ನ ಫೋಲ್ಡರಿನ ಪಟ್ಟಿ ನನಗೇ ಕಾಣದಾಯಿತು. ಇತರರಿಗೆ 6: ಕಡತಗಳನ್ನು ತೆರೆಯಲಾರರು, ಆದರೆ ಕಡತಗಳಿಗೆ ಮಕ್ಕಳ ಹೆಸರಿಟ್ಟಿದ್ದರಿಂದ ಆ ಹೆಸರುಗಳೆಲ್ಲ ಅಪರಿಚಿತರಿಗೂ ಕಾಣುವಂತಾಗಿದ್ದವು.

ಕೆಲಸ ನಡೆಯದಿದ್ದಾಗ ‘777 ಹಾಕಿಬಿಡಿ’ ಎಂದು ಸಲಹೆ ನೀಡುವವರುಂಟು. ಬಾಗಿಲು ಬಿಗಿಯಾಯಿತೆಂದು ಅದನ್ನು ಕಿತ್ತೊಗೆಯುವ ಉಪಾಯವಿದು. 18 ವರ್ಷ ತುಂಬದವರ ಮಾಹಿತಿಗೆ 2023ರ ದತ್ತಾಂಶ ಸಂರಕ್ಷಣಾ ಕಾನೂನು ಪೋಷಕರ ಒಪ್ಪಿಗೆಯನ್ನು ಬಯಸುತ್ತದೆಂಬುದನ್ನು ಇಂಥವರು ನೆನೆಯಬೇಕು.

ವಿಂಡೋಸ್ ಬಳಸುವವರಿಗೆ ಒಂದು ಎಚ್ಚರಿಕೆ. ಪೈಥಾನಿನ ಈ ಆಜ್ಞೆಯನ್ನು ನಂಬಿ ಅಲ್ಲಿ ಫೋಲ್ಡರಿಗೆ ಬೀಗ ಹಾಕಲಾಗದು. ಅಲ್ಲಿ ಒಬ್ಬೊಬ್ಬ ಬಳಕೆದಾರನಿಗೂ ಅನುಮತಿಯನ್ನು ಬರೆದಿಡುವ ಪಟ್ಟಿಯ ಕ್ರಮವಿದೆ. ‘ಐಕ್ಯಾಕಲ್ಸ್’ ಎಂಬ ಆಜ್ಞೆಯಿಂದ ಅದನ್ನು ತಿದ್ದಬೇಕು.

ಲಿನಕ್ಸಿನಲ್ಲಾಗಲಿ ವಿಂಡೋಸಿನಲ್ಲಾಗಲಿ, ಪ್ರೋಗ್ರಾಮು ಅನುಮತಿಯನ್ನು ಕೊಟ್ಟ ಬಳಿಕ ಅದನ್ನೇ ಮರಳಿ ಓದಿ ನೋಡುವಂತೆ ಇನ್ನೊಂದು ಸಾಲು ಬರೆಯಿರಿ. ಆಮೇಲೆ ಬೇರೊಬ್ಬರ ಖಾತೆಯಿಂದ ಪ್ರವೇಶಿಸಿ, ಫೋಲ್ಡರು ತೆರೆಯುವುದೋ ಇಲ್ಲವೋ ಎಂದು ಕಣ್ಣಾರೆ ಪರೀಕ್ಷಿಸಿ.