ಯಾವುದನ್ನು ತಡೆಯುತ್ತದೆ ಎಂದು ಕೇಳು, ತಂಗಿ

ತಂಗಿ, ಲಿಂಗಂಪಲ್ಲಿಯಲ್ಲಿ ರೂಮು ಹಿಡಿದಿದ್ದೀಯೆಂದು ನಿಮ್ಮಪ್ಪ ಹೇಳಿದ. ಒಳ್ಳೇ ಜಾಗವೇ. ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಬರುವ ನಮ್ಮ ಕಲಬುರಗಿ ಕಡೆಯ ಗಾಡಿಗಳಲ್ಲಿ ಬಹಳಷ್ಟು ಅಲ್ಲಿ ನಿಲ್ಲುತ್ತವೆ. ಹಬ್ಬಕ್ಕೆ ಊರಿಗೆ ಬರುವುದಕ್ಕೆ ನೆಪ ಹೇಳುವಂತಿಲ್ಲ. ಅಲ್ಲಿಂದ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ಗೆ ಬಸ್ಸಿಗೇನೂ ಕೊರತೆಯಿಲ್ಲ. ಶೇಂಗಾ ತಳಿ ಅಭಿವೃದ್ಧಿಯಲ್ಲಿ ಕೆಲಸ, ಅದರಲ್ಲೂ ಹೇನು ಹರಡುವ ನಂಜುರೋಗದ ಪಾಲು ನಿನಗೆ ಬಂದಿದೆಯಂತೆ. ಮೊನ್ನೆ ಫೋನಿನಲ್ಲಿ "ಈ ತಳಿಗೆ ನಿರೋಧಕ ಶಕ್ತಿ ಇದೆ, ಆ ತಳಿಗೆ ಇಲ್ಲ" ಎಂದು ಪಟಪಟ ಹೇಳುತ್ತಿದ್ದೆ. ಅಲ್ಲೇ ನಿನ್ನನ್ನು ತಡೆಯಬೇಕೆನ್ನಿಸಿತು. ನಿರೋಧಕ ಶಕ್ತಿ ಯಾವುದಕ್ಕೆ? ಹೇನಿಗೋ, ವೈರಸ್ಸಿಗೋ? ವೈರಸ್ಸಿಗೆ ಅಂದರೆ ಯಾವ ವೈರಸ್ಸಿಗೆ? ಇಷ್ಟನ್ನು ಕೇಳದೆ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಬೇಡ.

ಶೇಂಗಾದ ರೋಸೆಟ್ ರೋಗವನ್ನೇ ತೆಗೆದುಕೋ. ಆಫ್ರಿಕಾದ ರೋಗ ಅದು, ನಮ್ಮಲ್ಲಿಲ್ಲ. 1907ರಲ್ಲಿ ಈಗಿನ ತಾಂಜಾನಿಯಾದಲ್ಲಿ ಮೊದಲ ಸಲ ದಾಖಲಾಯಿತು. 1975ರಲ್ಲಿ ಉತ್ತರ ನೈಜೀರಿಯಾದಲ್ಲಿ ಸುಮಾರು 7 ಲಕ್ಷ ಹೆಕ್ಟೇರ್ ಬೆಳೆ ತಿಂದುಹಾಕಿತು. ಗಿಡ ಕುಗ್ಗಿ, ಎಲೆ ಮುದುಡಿ, ಹಳದಿಯಾಗಿಯೋ ಕಡುಹಸಿರಾಗಿಯೋ ಗುಪ್ಪೆಗಟ್ಟಿ ನಿಲ್ಲುತ್ತದೆ. ಎಳೆಯದರಲ್ಲೇ ಬಡಿದರೆ ಕಾಯಿಯ ಆಸೆ ಬಿಡಬೇಕು. ಹರಡುವುದು ನಮಗೆ ಗುರುತಿರುವ ಹೇನೇ. ಅಲಸಂದೆ ಬಳ್ಳಿಯ ಕುಡಿಗೆ, ಅವರೆ ಕಾಯಿಗೆ ಕರ್ರಗೆ ಮುತ್ತುತ್ತದಲ್ಲ, ಅದು.

ಆದರೆ ರೋಗ ತರುವವರು ಒಬ್ಬರಲ್ಲ, ಮೂವರು. ರೋಸೆಟ್ ವೈರಸ್ಸಿಗೆ ಮೈಮೇಲೆ ಸ್ವಂತ ಅಂಗಿಯಿಲ್ಲ. ಅಸಿಸ್ಟರ್ ಎಂಬ ಇನ್ನೊಂದು ವೈರಸ್ಸಿನ ಪ್ರೋಟೀನ್ ಅಂಗಿಯನ್ನು ಎರವಲು ತೊಟ್ಟರಷ್ಟೇ ಹೇನಿನ ಬೆನ್ನೇರಿ ಪಕ್ಕದ ಹೊಲಕ್ಕೆ ಹೋದೀತು. ಮೂರನೆಯದು ಉಪಗ್ರಹ ಆರ್‌ಎನ್‌ಎ ಎಂಬ ಚಿಕ್ಕ ತುಣುಕು. ಕಣ್ಣಿಗೆ ಕಾಣುವ ರೋಗಲಕ್ಷಣವೆಲ್ಲ ಅದರದೇ ಕೈವಾಡ, ಅದಿಲ್ಲದೆ ಹೇನಿನ ಮೂಲಕ ಹರಡುವುದೂ ಆಗದು. ಅಸಿಸ್ಟರ್ ಒಂದೇ ಸೇರಿದ ಗಿಡ ನೋಡಲು ಹಸಿರಾಗೇ ಇರುತ್ತದೆ. ಅದಕ್ಕೇ ಕಣ್ಣಳತೆಯಲ್ಲಿ ಅಂಕ ಕೊಟ್ಟು ಕೈತೊಳೆದುಕೊಳ್ಳುವ ಜನರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಎಲೆಯೊಳಗಿನ ವೈರಸ್ಸನ್ನು ಪತ್ತೆಹಚ್ಚುವ ಎಲೈಸಾ ಪರೀಕ್ಷೆ ಇರುವುದು ಯಾತಕ್ಕೆ?

1952ರಲ್ಲಿ ಸೆನೆಗಲ್‌ನಲ್ಲಿ ಈ ರೋಗ ತಳಿ ಸಂಗ್ರಹವನ್ನೇ ನೆಲಕಚ್ಚಿಸಿದಾಗ ಬದುಕಿ ನಿಂತವು ಕೆಲವು ಸಾಲು ಮಾತ್ರ. ಬುರ್ಕಿನಾ ಫಾಸೊ ಮತ್ತು ಐವರಿ ಕೋಸ್ಟ್ ಗಡಿಸೀಮೆಯ ಬೀಜ ಅವು. ಆ ಗುಣ ಎರಡು ಅಪ್ರಬಲ ಜೀನ್‌ಗಳಿಂದ ಬರುತ್ತದೆ. ಅಂದರೆ ಸಂಕರ ಮಾಡಿದ ಮೊದಲ ತಲೆಮಾರಿನಲ್ಲಿ ಎಲ್ಲಾ ಗಿಡಗಳೂ ರೋಗಕ್ಕೆ ಬೀಳುತ್ತವೆ. ಎರಡನೆಯದರಲ್ಲಿ 16ಕ್ಕೆ 1 ಉಳಿಯುತ್ತದೆ. ಮೊದಲ ವರ್ಷ ನೋಡಿ ಬೇಸತ್ತು ಕಿತ್ತೆಸೆದೀಯ, ಹುಷಾರು. ಇನ್ನೊಂದು ವಿಷಯ: ಆ ಜೀನ್‌ಗಳು ತಡೆಯುವುದು ರೋಸೆಟ್ ವೈರಸ್ಸನ್ನು ಮತ್ತು ಅದರ ಉಪಗ್ರಹವನ್ನು. ಅಸಿಸ್ಟರ್‌ಗೆ ಬಾಗಿಲು ತೆರೆದೇ ಇರುತ್ತದೆ. ಆ ಗಡಿಸೀಮೆಯ ಬೀಜದಿಂದ ಬಂದ ಆರ್‌ಎಂಪಿ 12ರಂಥ ತಳಿಗಳು ರೋಗ ತಡೆದವು ನಿಜ, ಆದರೆ ಮಾಗುವುದು ತಡ. ಮಳೆ ಬೇಗ ಮುಗಿಯುವ ಸೀಮೆಯ ರೈತ ಅದನ್ನು ಇಟ್ಟುಕೊಂಡು ಏನು ಮಾಡಿಯಾನು?

ಈಗ ನಿನ್ನ ಸಂಸ್ಥೆಯ ಬೀಜ ಭಂಡಾರದಲ್ಲಿರುವ ಐಸಿಜಿ 12991 ಕಡೆ ನೋಡು. ನನಗೆ ಬಹಳ ಇಷ್ಟದ ಬೀಜ ಅದು. 1988ರಲ್ಲಿ ದಕ್ಷಿಣ ಭಾರತದ ರೈತರೊಬ್ಬರಿಂದ ತಂದ ನಾಟಿ ಶೇಂಗಾ, ಬೇಗ ಬರುವ ಗೊಂಚಲು ಜಾತಿ. ರೋಸೆಟ್ ಎಂಬುದನ್ನೇ ಕಂಡರಿಯದ ನೆಲದ್ದು. ಮಲಾವಿಗೆ ಹೋಗಿ ರೋಗದ ಹೊಲದಲ್ಲಿ ನಿಂತಾಗ ಆರೋಗ್ಯವಾಗೇ ಉಳಿಯಿತು. ವೈರಸ್ಸನ್ನು ಗೆದ್ದಿದೆ ಎಂದೇ ಯಾರಾದರೂ ಬರೆದುಕೊಳ್ಳುತ್ತಿದ್ದರು. ಕಸಿ ಕಟ್ಟಿ ವೈರಸ್ ಒಳಗೆ ಬಿಟ್ಟರೋ, ಇದೂ ಮಲಗಿತು! ಅದು ಸಹಿಸದಿರುವುದು ಹೇನನ್ನು. ಅದರ ಮೇಲೆ ಹೇನಿನ ಸಂತತಿ ಹೆಚ್ಚುವುದಿಲ್ಲ. ಇದಕ್ಕೆ ಕಾರಣ ಒಂದೇ ಅಪ್ರಬಲ ಜೀನ್. ಮಲಾವಿಯಲ್ಲಿ 'ಬಾಕಾ', ಮೊಜಾಂಬಿಕ್‌ನಲ್ಲಿ 'ನಾಮೆಟಿಲ್' ಎಂಬ ಹೆಸರಲ್ಲಿ ರೈತರ ಕೈ ಸೇರಿತು. ಹೇನನ್ನು ತಡೆಯುವುದೂ ವೈರಸ್ಸನ್ನು ತಡೆಯುವುದೂ ಒಂದೇ ಗಿಡದಲ್ಲಿ ಕೂಡಬೇಕು, ಅದೂ ಬೇಗ ಮಾಗುವ ಗಿಡದಲ್ಲಿ. ಬೇರೆ ಬೇರೆ ಪ್ರಶ್ನೆ ಕೇಳಿದವರಿಗೇ ಈ ದಾರಿ ಕಂಡದ್ದು.

ನಮ್ಮೂರ ತೊಗರಿಯಲ್ಲಿ ಏನಾಯಿತೆಂದು ನಿಮ್ಮಪ್ಪನನ್ನೇ ಕೇಳು. 'ಮಾರುತಿ' ತಳಿ ಬಂದಾಗ ಸೊರಗು ರೋಗದಿಂದ ಕಂಗೆಟ್ಟಿದ್ದವರು ಕಣ್ಣಿಗೊತ್ತಿಕೊಂಡರು. ಅದು ಸೊರಗನ್ನು ತಡೆಯಿತು, ಗೊಡ್ಡು ರೋಗವನ್ನಲ್ಲ. ಗೊಡ್ಡು ಹರಡುವುದು ಹೇನಲ್ಲ, ನುಸಿ. ಆದರೂ ಪಾಠ ಅದೇ. "ರೋಗ ಬರದ ತೊಗರಿ" ಎಂದು ಮಾರಿದವರು ಯಾವ ರೋಗ ಎಂದು ಹೇಳಲಿಲ್ಲ.

ಕೊಡಗಿನ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ಹೋಗಿ ಬಾ. ಏಲಕ್ಕಿಯ ಕಟ್ಟೆ ರೋಗವೂ ಹೇನಿನಿಂದಲೇ ಬರುವುದು. ಕಟ್ಟೆ ಬಡಿದ ತೋಟಗಳಲ್ಲಿ ಹಸಿರಾಗಿ ಉಳಿದ ಬುಡಗಳನ್ನು ಹುಡುಕಿ ತಂದು, 'ಸಹಜವಾಗಿ ತಪ್ಪಿಸಿಕೊಂಡವು' ಎಂಬ ಗುರುತಿನಲ್ಲಿ ಎನ್‌ಕೆಇ ಎಂದು ನಂಬರು ಕೊಟ್ಟರು. ನಿರೋಧಕ ಎಂದು ಬರೆಯಲಿಲ್ಲ, ನೋಡು. ರೋಗದ ಹೊಲದಲ್ಲಿ ಉಳಿದ ಗಿಡಕ್ಕೆ ಶಕ್ತಿಯೇ ಇರಬೇಕೆಂದಿಲ್ಲ. ಹೇನು ಅದರ ಕಡೆ ಬಾರದೆಯೂ ಇದ್ದಿರಬಹುದು. ಪರೀಕ್ಷೆಯಲ್ಲಿ ಗೆದ್ದು ಬಂದ ಎನ್‌ಕೆಇ 12 ಇಂದು 'ಐಐಎಸ್‌ಆರ್ ವಿಜೇತ'.

ಹೊಲದ ಕೆಲಸಕ್ಕೂ ಇದೇ ಎಚ್ಚರ ಬೇಕು. ರೋಗದ ಗಿಡಗಳ ಸಾಲನ್ನು ನಡುನಡುವೆ ನೆಟ್ಟು, ಹೇನು ಬಿಟ್ಟು, ಎಲ್ಲಾ ತಳಿಗೂ ಸಮನಾಗಿ ರೋಗ ಮುಟ್ಟಿಸುವ ಕ್ರಮವನ್ನು 1980ರ ದಶಕದಲ್ಲಿ ವಿಜ್ಞಾನಿಗಳಾದ ಬಾಕ್ ಮತ್ತು ನಿಗಮ್ ಮಲಾವಿಯಲ್ಲಿ ರೂಢಿಗೆ ತಂದರು. ಹೇನು ಹತ್ತದ ವರ್ಷದ ಲೆಕ್ಕವನ್ನು ಲೆಕ್ಕಕ್ಕೇ ಹಿಡಿಯಬೇಡ. ಬೇಗ ಬಿತ್ತಿ, ಸಾಲು ಒತ್ತಾಗಿಟ್ಟು ನೆಲ ಮುಚ್ಚಿಸಿದರೆ ರೋಸೆಟ್ ಕಡಿಮೆ ಎಂಬುದನ್ನು ಆಫ್ರಿಕಾದ ರೈತರು ಬಲ್ಲರು. ನಿನ್ನ ತಳಿಯನ್ನು ಬಿತ್ತುವವರಿಗೆ ಇದನ್ನೂ ಹೇಳು; ತಳಿಯೊಂದರ ಮೇಲೇ ಭಾರ ಹಾಕಬೇಡ. ಆಫ್ರಿಕಾಕ್ಕೆ ಕಳಿಸಿದರೆ ಹೋಗಿ ಬಾ, ಆದರೆ ಅಲ್ಲಿಂದ ಒಂದು ಎಲೆಯನ್ನೂ ಹೇಳದೆ ಕೇಳದೆ ಚೀಲದಲ್ಲಿ ತರಬೇಡ. ಅಸಿಸ್ಟರ್‌ಗೆ ಅಂಗಿಯಿದೆ, ಹೇನು ಇಲ್ಲೂ ಇದೆ.

ಮುಂದಿನ ಸಲ ಫೋನು ಮಾಡುವಾಗ ಆ ತಳಿಗಳ ಪಟ್ಟಿ ಕೈಯಲ್ಲಿರಲಿ. ಒಂದೊಂದರ ಮುಂದೆ ಹೇನು, ರೋಸೆಟ್, ಅಸಿಸ್ಟರ್ ಎಂದು ಬೇರೆ ಬೇರೆ ಕಾಲಂ ಎಳೆದಿರು. ಪರೀಕ್ಷೆ ಮಾಡದಿದ್ದಲ್ಲಿ ಖಾಲಿ ಬಿಡು, ಸೊನ್ನೆ ಬರೆಯಬೇಡ.